ನೊರೆ ಬಸಿಯುವ ಮಾದರಿ: ಕೋಡ್‌ನಲ್ಲಿ ನೀರು ತಾನಾಗಿ ಹೆಚ್ಚುತ್ತಿದೆ, ಮೇಲ್ತುದಿ ಮಾತ್ರ ಒಣಗುತ್ತಿಲ್ಲ

ಗುಳ್ಳೆಗಣಿತ:

ಎಲ್ಲರಿಗೂ ನಮಸ್ಕಾರ. ಪಾತ್ರೆ ತೊಳೆಯುವ ಲಿಕ್ವಿಡ್‌ನ ನೊರೆಯಿಂದ ನೀರು ಹೇಗೆ ಬಸಿಯುತ್ತದೆ ಎಂದು ಪೈಥಾನ್‌ನಲ್ಲಿ ಲೆಕ್ಕ ಹಾಕುತ್ತಿದ್ದೇನೆ. ಉದ್ದನೆಯ ಗಾಜಿನ ಸಿಲಿಂಡರ್, ಒಳಗೆ 25 ಸೆಂ.ಮೀ. ನೊರೆ. ಗುಳ್ಳೆಗಳ ವ್ಯಾಸ ಸುಮಾರು 2 ಮಿ.ಮೀ. ಶುರುವಿನಲ್ಲಿ ದ್ರವಾಂಶ, ಅಂದರೆ ನೊರೆಯ ಗಾತ್ರದಲ್ಲಿ ನೀರಿನ ಪಾಲು, ಎಲ್ಲ ಕಡೆ 0.05. ಹೊರಗೆ ಸ್ಕೇಲ್ ಅಂಟಿಸಿ ಫೋನ್‌ನಲ್ಲಿ ವಿಡಿಯೊ ತೆಗೆದಿದ್ದೇನೆ. ತಳದಲ್ಲಿ ನೀರಿನ ಮಟ್ಟ ಏರುವುದು ಅದರಲ್ಲಿ ಚೆನ್ನಾಗಿ ಕಾಣುತ್ತದೆ.

ಸಮೀಕರಣ ಹೊಸದೇನಲ್ಲ. 1996ರಲ್ಲಿ ವರ್ಬಿಸ್ಟ್, ವೀಯರ್, ಕ್ರೇನಿಕ್ ಬರೆದ ರೂಪವನ್ನೇ ತಗೊಂಡಿದ್ದೇನೆ. ಮೂರು ಪೊರೆಗಳು ಕೂಡುವ ಕಡೆ ಇರುವ ಸಣ್ಣ ಕಾಲುವೆ, ಅಂದರೆ ಪ್ಲಾಟೊ ಕಾಲುವೆ, ಅದರ ಅಡ್ಡಕೊಯ್ತದ ವಿಸ್ತೀರ್ಣವೇ ಆಲ್ಫಾ.

ಕೆಳಮುಖ ಹರಿವು = ಆಲ್ಫಾ² − ½ × √ಆಲ್ಫಾ × (ಆಳದ ಜೊತೆ ಆಲ್ಫಾ ಏರುವ ದರ)

ಮೊದಲ ಪದ ಗುರುತ್ವದ್ದು, ಎರಡನೆಯದು ಮೇಲ್ಮೈ ಸೆಳೆತದ ಹೀರುವಿಕೆ. ಸಮೀಕರಣದಲ್ಲಿ ಎಲ್ಲವನ್ನೂ ಅದರದೇ ಮಾನಗಳಲ್ಲಿ ಅಳೆಯುತ್ತೇವೆ: ಉದ್ದದ ಒಂದು ಮಾನ 1.1 ಮಿ.ಮೀ., ಕಾಲದ ಒಂದು ಮಾನ 0.014 ಸೆಕೆಂಡ್ ಬಂತು. ಮೇಲ್ಮೈ ಸೆಳೆತ ಮೀಟರಿಗೆ 0.03 ನ್ಯೂಟನ್ ಎಂದು ಹಿಡಿದಿದ್ದೇನೆ. ನೊರೆಯ ಎತ್ತರವನ್ನು ಒಟ್ಟು 100 ಖಾನೆ ಮಾಡಿದ್ದೇನೆ, ಒಂದೊಂದು 2.5 ಮಿ.ಮೀ. ಟೈಮ್ ಸ್ಟೆಪ್ 0.2 ಸೆಕೆಂಡ್. ಎಲ್ಲ ಡೆರಿವೇಟಿವ್‌ಗಳಿಗೂ ಸೆಂಟ್ರಲ್ ಡಿಫರೆನ್ಸ್ (ಎರಡೂ ಪಕ್ಕದ ಖಾನೆಗಳ ವ್ಯತ್ಯಾಸದಿಂದ ಇಳಿಜಾರು), ಕಾಲಕ್ಕೆ ಸಾದಾ ಆಯ್ಲರ್ (ಈಗಿನ ದರದಲ್ಲೇ ಒಂದು ಸ್ಟೆಪ್ ಮುಂದೆ). ಮೇಲ್ತುದಿಯಲ್ಲಿ ಇಳಿಜಾರು ಸೊನ್ನೆ. ತಳದಲ್ಲಿ ದ್ರವಾಂಶ 0.36ಕ್ಕೆ, ಅಂದರೆ ಗುಳ್ಳೆಗಳು ಬಿಡಿಯಾಗುವ ಮಟ್ಟಕ್ಕೆ, ಕಟ್ಟಿಹಾಕಿದ್ದೇನೆ.

ತೊಂದರೆ ಹೀಗಿದೆ. ಓಡಿಸಿದ ಸ್ವಲ್ಪ ಹೊತ್ತಿಗೆ ಆಲ್ಫಾ ಋಣವಾಗಿ, ವರ್ಗಮೂಲ ಕೈಕೊಟ್ಟು, ಇಡೀ ಅರೇ 'ನ್ಯಾನ್' (ಸಂಖ್ಯೆಯೇ ಅಲ್ಲ ಎಂಬ ಗುರುತು) ಆಗುತ್ತದೆ. ಅದಕ್ಕೆ ಋಣ ಬಂದಲ್ಲೆಲ್ಲ ಸೊನ್ನೆ ಹಾಕುವ ಒಂದು ಸಾಲು ಸೇರಿಸಿದೆ. ಈಗ ಓಡುತ್ತದೆ. ಆದರೆ ನೊರೆಯಲ್ಲಿರುವ ನೀರು, ಬಸಿದ ನೀರು ಎರಡನ್ನೂ ಕೂಡಿಸಿದರೆ ಮೊತ್ತ ಏರುತ್ತಲೇ ಹೋಗುತ್ತದೆ. ಸಾಲದ್ದಕ್ಕೆ ಮೇಲ್ತುದಿ ಒಣಗುವುದೇ ಇಲ್ಲ. ನಿಜವಾದ ನೊರೆಯಲ್ಲಿ ಮೊದಲು ಒಣಗುವುದೇ ಅದು, ಅಲ್ವಾ?

ಮೀನುತೊಟ್ಟಿ_ಮಂಡ್ಯ:

ಟೈಮ್ ಸ್ಟೆಪ್ ಹತ್ತು ಪಟ್ಟು ಕಮ್ಮಿ ಮಾಡಿ ನೋಡಿ. ನನ್ನ ಕೋಡ್‌ನಲ್ಲಿ ಏನೇ ಕೆಟ್ಟರೂ ಮೊದಲು ಮಾಡುವ ಕೆಲಸ ಇದೇ.

ಗುಳ್ಳೆಗಣಿತ:

ಮಾಡಿದೆ. ಸೊನ್ನೆ ಹಾಕುವ ಸಾಲಿಲ್ಲದೆ ಓಡಿಸಿದರೂ 'ನ್ಯಾನ್' ಬರಲಿಲ್ಲ. ನೀರು ಹೆಚ್ಚುವುದು ನಿಲ್ಲಲಿಲ್ಲ, ಮೇಲ್ತುದಿ ಈಗಲೂ ಒದ್ದೆ.

ಹಳೇಫೋರ್ಟ್ರಾನ್:

ಇಲ್ಲಿ ಮೂರು ತೊಂದರೆಗಳು ಒಂದರ ಮೇಲೊಂದು ಕೂತಿವೆ. ಬಿಡಿಸಿ ನೋಡೋಣ.

ಮೊದಲು ಆ ಸೊನ್ನೆ ಹಾಕುವ ಸಾಲು ತೆಗೆಯಿರಿ. ಆಲ್ಫಾ −0.002 ಇದ್ದದ್ದನ್ನು 0 ಮಾಡಿದಿರಿ ಎಂದರೆ ಆ ಖಾನೆಗೆ 0.002ರಷ್ಟು ನೀರನ್ನು ನೀವೇ ಸುರಿದಂತೆ. ಪ್ರತಿ ಸ್ಟೆಪ್‌ನಲ್ಲೂ ಸುರಿಯುತ್ತಿದ್ದರೆ ಮೊತ್ತ ಏರದೆ ಇನ್ನೇನಾಗುತ್ತದೆ? ಈ ಸಾಲು ರೋಗ ವಾಸಿ ಮಾಡುವುದಿಲ್ಲ, ಥರ್ಮಾಮೀಟರ್ ಒಡೆದು ಹಾಕುತ್ತದೆ ಅಷ್ಟೇ. ಋಣ ಬಂದ ಕೂಡಲೇ ಪ್ರೋಗ್ರಾಂ ನಿಲ್ಲಲಿ, ಯಾವ ಖಾನೆಯಲ್ಲಿ ಬಂತು ಎಂದು ಬರೆಯಲಿ. ಅದು ತಳದಿಂದ ಎರಡನೇ ಅಥವಾ ಮೂರನೇ ಖಾನೆ ಆಗಿರುತ್ತದೆ ಎಂದು ನನ್ನ ಊಹೆ.

ಯಾಕೆ ತಳ? ಟೈಮ್ ಸ್ಟೆಪ್‌ನ ಮಿತಿಯನ್ನು ನೀವು ಶುರುವಿನ ದ್ರವಾಂಶ 0.05 ಇಟ್ಟುಕೊಂಡು ಲೆಕ್ಕ ಹಾಕಿದಂತಿದೆ. ಅದಕ್ಕಾದರೆ 0.3 ಸೆಕೆಂಡ್‌ವರೆಗೂ ನಡೆಯುತ್ತದೆ. ಆದರೆ ತಳದಲ್ಲಿ ದ್ರವಾಂಶ 0.36. ನಿಮ್ಮ ಗುಳ್ಳೆಗೆ ದ್ರವಾಂಶ ಅಂದರೆ ಸುಮಾರು 2.53 × ಆಲ್ಫಾ. ಹಾಗಾಗಿ ತಳದ ಆಲ್ಫಾ 0.142, ಅದರ ವರ್ಗಮೂಲ 0.377. ಗುರುತ್ವ, ಹೀರುವಿಕೆ ಎರಡನ್ನೂ ಸೇರಿಸಿದರೆ ಅಲ್ಲಿನ ಮಿತಿ 0.07 ಸೆಕೆಂಡ್. ನೀವು 0.2ರಲ್ಲಿ ಓಡಿಸುತ್ತಿದ್ದೀರಿ. ಕಾಲಂ ಎಲ್ಲ ಆರಾಮಾಗಿದೆ, ತಳದ ನಾಲ್ಕು ಖಾನೆ ಮಾತ್ರ ಕುಣಿಯುತ್ತಿವೆ.

ಆದರೆ ಸ್ಟೆಪ್ ಕಮ್ಮಿ ಮಾಡಿದರೂ ಅಲ್ಲಿ ಇನ್ನೊಂದು ತೊಡಕು ಉಳಿಯುತ್ತದೆ. ಹರಿವು ನಿಂತು ನೊರೆ ಸಮತೋಲಕ್ಕೆ ಬಂದಾಗ 1/√ಆಲ್ಫಾ ಎಂಬುದು ತಳದಿಂದ ಮೇಲಕ್ಕೆ ನೇರ ಗೆರೆಯಾಗಿ ಏರುತ್ತದೆ. ತಳದಲ್ಲಿ ಅದರ ಬೆಲೆ 2.65. ನಿಮ್ಮ ಒಂದು ಖಾನೆ ಎಂದರೆ 2.26 ಮಾನ. ಅಂದರೆ ಒಂದೇ ಖಾನೆ ಮೇಲೆ ಹೋದರೆ 4.91. ಆಲ್ಫಾ 0.142ರಿಂದ 0.041ಕ್ಕೆ ಬಿತ್ತು. ದ್ರವಾಂಶದ ಲೆಕ್ಕದಲ್ಲಿ 0.36ರಿಂದ 0.105ಕ್ಕೆ! ಇಷ್ಟು ಕಡಿದಾದ ಇಳಿತವನ್ನು ಒಂದು ಖಾನೆಯಲ್ಲಿ ಸೆಂಟ್ರಲ್ ಡಿಫರೆನ್ಸ್ ಸರಿಯಾಗಿ ಹಿಡಿಯುವುದಿಲ್ಲ, ಅಲೆ ಎಬ್ಬಿಸುತ್ತದೆ. ತಳದ ಒಂದು ಸೆಂಟಿಮೀಟರಿಗೆ ಕಾಲು ಮಿ.ಮೀ. ಖಾನೆ ಹಾಕಿ. ಮೇಲೆ ದಪ್ಪ ಖಾನೆ ಸಾಕು.

ಮೂರನೆಯದು ಮೇಲ್ತುದಿ. ಇದನ್ನು ತುಂಬಾ ಜನ ಹೀಗೇ ಬರೆಯುತ್ತಾರೆ. 'ಮೇಲಿನಿಂದ ನೀರು ಬರುವುದಿಲ್ಲ, ಆದ್ದರಿಂದ ಇಳಿಜಾರು ಸೊನ್ನೆ' ಎಂದು. ಉಷ್ಣದ ಸಮೀಕರಣದಲ್ಲಿ ಅದು ಸರಿ. ಇಲ್ಲಿ ಹರಿವಿಗೆ ಎರಡು ಪದಗಳಿವೆ. ಇಳಿಜಾರು ಸೊನ್ನೆ ಮಾಡಿದರೆ ಎರಡನೇ ಪದ ಮಾತ್ರ ಹೋಯಿತು, ಆಲ್ಫಾ² ಹಾಗೇ ಉಳಿಯಿತು. ಆಕಾಶದಿಂದ ನೊರೆಯೊಳಗೆ ನೀರು ಇಳಿಯುತ್ತಿದೆ. ಮೇಲ್ತುದಿ ಒಣಗದೆ ಇರುವುದಕ್ಕೆ ಇದೇ ಕಾರಣ. ನಿಮ್ಮ ನೀರಿನ ಲೆಕ್ಕ ಏರುವುದಕ್ಕೂ ಮುಕ್ಕಾಲು ಪಾಲು ಇದೇ ಕಾರಣ ಇರಬೇಕು. ಸೊನ್ನೆ ಆಗಬೇಕಾದದ್ದು ಇಡೀ ಹರಿವು.

ಈಗ ರಿಪೇರಿ. ಡೆರಿವೇಟಿವ್‌ಗಳನ್ನು ಬಿಡಿಸಿ ಬರೆಯುವುದನ್ನು ಬಿಟ್ಟುಬಿಡಿ. ಖಾನೆಗಳ ನಡುವಿನ ಗೋಡೆಗಳ ಮೇಲೆ ಹರಿವನ್ನು ಲೆಕ್ಕ ಹಾಕಿ. ಒಂದು ಗೋಡೆಯಿಂದ ಹೊರಟ ನೀರು ಪಕ್ಕದ ಖಾನೆಗೆ ಅಷ್ಟೇ ಸೇರಬೇಕು. ಗುರುತ್ವದ ಪದಕ್ಕೆ ಗೋಡೆಯ ಮೇಲಿನ ಖಾನೆಯ ಆಲ್ಫಾ ತಗೊಳ್ಳಿ. ಗುರುತ್ವ ನೀರನ್ನು ಕೆಳಗೆ ಮಾತ್ರ ಎಳೆಯುವುದರಿಂದ ಇಲ್ಲಿ ದಿಕ್ಕಿನ ಗೊಂದಲ ಇಲ್ಲ. ಹೀರುವಿಕೆಯ ಪದಕ್ಕೆ ಎರಡೂ ಕಡೆಯ ಸರಾಸರಿ ಸಾಕು. ಅತಿ ಮೇಲಿನ ಗೋಡೆಯಲ್ಲಿ ಹರಿವು 0 ಎಂದು ಬರೆದುಬಿಡಿ, ಬೇರೆ ಏನೂ ಬೇಡ.

ಖಾನೆ ಹತ್ತು ಪಟ್ಟು ಸಣ್ಣದಾದರೆ ಹೀರುವಿಕೆಯ ಮಿತಿ ನೂರು ಪಟ್ಟು ಬಿಗಿಯಾಗುತ್ತದೆ, ಸುಮಾರು 2 ಮಿಲಿಸೆಕೆಂಡ್‌ಗೆ ಇಳಿಯುತ್ತದೆ. ಆಯ್ಲರ್‌ನಲ್ಲಿ ಇದು ಸುಮ್ನೆ ಕಾಯುವ ಕೆಲಸ. ಪೈಥಾನ್‌ನ ಗಣಿತ ಲೈಬ್ರರಿ ಸೈಪೈಯಲ್ಲಿರುವ ಬಿಡಿಎಫ್ ಎಂಬ ಸಾಲ್ವರ್‌ಗೆ ಕೊಡಿ. ಸ್ಟೆಪ್ ಎಷ್ಟು ಬೇಕೆಂದು ಅದೇ ನೋಡಿಕೊಳ್ಳುತ್ತದೆ.

ಗುಳ್ಳೆಗಣಿತ:

ಬರೆದು ಓಡಿಸಿದೆ. ನೀರಿನ ಒಟ್ಟು ಮೊತ್ತ ಈಗ ಅಲುಗುವುದಿಲ್ಲ. ಮೇಲ್ತುದಿ ಚೆನ್ನಾಗಿ ಒಣಗುತ್ತದೆ. ಋಣ ಬಂದಿದ್ದ ಖಾನೆಯೂ ನೀವು ಹೇಳಿದ್ದೇ, ತಳದಿಂದ ಎರಡನೆಯದು.

ಆದರೆ ಒಂದು ವಿಚಿತ್ರ. ಮೊದಲ ಕೆಲವು ಸೆಕೆಂಡ್ ತಳದ ಗೋಡೆಯ ಹರಿವು ಋಣ ಬರುತ್ತಿದೆ. ಅಂದರೆ ನೀರು ಕೆಳಗಿನಿಂದ ಮೇಲೆ ನೊರೆಯೊಳಗೆ ಏರುತ್ತಿದೆ. ಚಿಹ್ನೆ ಎಲ್ಲಾದರೂ ತಿರುಗಿದೆಯಾ ಎಂದು ಹುಡುಕಿ ಸಾಕಾಯಿತು.

ಹಳೇಫೋರ್ಟ್ರಾನ್:

ಚಿಹ್ನೆ ಸರಿ ಇದೆ, ಹುಡುಕಬೇಡಿ. 0.05 ದ್ರವಾಂಶದ ಒಣ ನೊರೆಯನ್ನು ನೀರಿನ ಮೇಲೆ ಕೂರಿಸಿದ್ದೀರಿ. ಒಣ ನೊರೆಯ ಕಾಲುವೆಗಳ ಗೋಡೆ ಒಳಕ್ಕೆ ಬಲವಾಗಿ ಬಾಗಿರುತ್ತದೆ, ಹಾಗಾಗಿ ಅಲ್ಲಿನ ದ್ರವದ ಒತ್ತಡ ಕಮ್ಮಿ. ಅದು ಕೆಳಗಿನ ನೀರನ್ನು ಹೀರಿಕೊಳ್ಳುತ್ತದೆ. ತಳದ ಕೆಲವು ಮಿ.ಮೀ. ಒದ್ದೆಯಾದ ಮೇಲೆ ಹೀರುವಿಕೆ ನಿಂತು, ಮೇಲಿನಿಂದ ಬಂದ ನೀರು ಹೊರಗೆ ಬೀಳಲು ಶುರುವಾಗುತ್ತದೆ. ನಿಮ್ಮ ವಿಡಿಯೊದಲ್ಲಿ ಕಾಣದಿದ್ದರೆ ಅಚ್ಚರಿ ಇಲ್ಲ. ನಿಜವಾದ ನೊರೆ ತಯಾರಾಗುವಾಗಲೇ ಅದರ ತಳ ಒದ್ದೆಯಾಗಿರುತ್ತದೆ. 'ಎಲ್ಲ ಕಡೆ 0.05' ಎನ್ನುವ ಶುರು ಕಂಪ್ಯೂಟರ್‌ನಲ್ಲಿ ಮಾತ್ರ ಸಿಗುವುದು.

ವಿಡಿಯೊ ಜೊತೆ ಹೋಲಿಸುವ ಮೊದಲು ಕೋಡ್‌ಗೆ ಎರಡು ಪರೀಕ್ಷೆ ಕೊಡಿ. ಎರಡಕ್ಕೂ ಉತ್ತರ ಕೈಯಲ್ಲೇ ಬರೆಯಬಹುದು.

ಒಂದು. ಹೀರುವಿಕೆಯ ಪದ ತೆಗೆದು ಗುರುತ್ವ ಮಾತ್ರ ಬಿಡಿ. ಆಗ ಮೇಲಿನಿಂದ ಒಂದು ಒಣಗುವ ಅಂಚು 2 × ಆಲ್ಫಾ ವೇಗದಲ್ಲಿ ಇಳಿಯುತ್ತದೆ. ಅದರ ಹಿಂದೆ ಆಲ್ಫಾ ಎಂದರೆ ಆಳ ÷ (2 × ಕಾಲ), ಅಚ್ಚುಕಟ್ಟಾದ ನೇರ ಗೆರೆ. ಅಂಚು ತಳ ಮುಟ್ಟುವವರೆಗೂ ಹೊರಹರಿವು ಒಂದೇ ಸಮ. ನಿಮ್ಮ ಅಳತೆಗಳಿಗೆ ಅದು ತಳ ಮುಟ್ಟುವುದು ಸುಮಾರು 80 ಸೆಕೆಂಡಿಗೆ, ಸರಿಯಾಗಿ ಅರ್ಧ ನೀರು ಬಸಿದಿರುವ ಹೊತ್ತಿಗೆ. ಆಮೇಲೆ ಉಳಿದ ನೀರು ಕಾಲಕ್ಕೆ ವಿಲೋಮವಾಗಿ ಇಳಿಯುತ್ತದೆ: 160 ಸೆಕೆಂಡಿಗೆ ಕಾಲು ಭಾಗ, 320ಕ್ಕೆ ಎಂಟನೇ ಒಂದು ಭಾಗ.

ಎರಡು. ಎರಡೂ ಪದ ಸೇರಿಸಿ, ತುಂಬಾ ಹೊತ್ತು ಓಡಿಸಿ. ಕೊನೆಗೆ ಉಳಿಯುವ ನೀರು ತಳದ √ಆಲ್ಫಾದಷ್ಟು. ಅದನ್ನು 2.53ರಿಂದಲೂ ಉದ್ದದ ಮಾನದಿಂದಲೂ ಗುಣಿಸಿದರೆ ಬರೀ 1 ಮಿ.ಮೀ. ಎತ್ತರದ ನೀರು. ಶುರುವಿನಲ್ಲಿ 12.5 ಮಿ.ಮೀ. ಇತ್ತು. ನನಗೆ ಈ ಸಮೀಕರಣದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು: ನೊರೆ 25 ಸೆಂ.ಮೀ. ಇರಲಿ, ಒಂದು ಮೀಟರ್ ಇರಲಿ, ಕೊನೆಗೆ ಉಳಿಯುವುದು ಹೆಚ್ಚುಕಮ್ಮಿ ಅದೇ 1 ಮಿ.ಮೀ., ಅದೂ ಬಹುಪಾಲು ತಳದಲ್ಲೇ. ಮೇಲ್ತುದಿಯ ದ್ರವಾಂಶ 0.00005ರ ಹತ್ತಿರ.

ಗುಳ್ಳೆಗಣಿತ:

ಎರಡೂ ಪಾಸ್. ಸಮತೋಲದ ನೀರು 1.04 ಮಿ.ಮೀ. ಬಂತು.

ಆದರೆ ವಿಡಿಯೊ ಒಪ್ಪುತ್ತಿಲ್ಲ. ಕೋಡ್‌ನಲ್ಲಿ ಅರ್ಧ ನೀರು ಬಸಿಯುವ ಹೊತ್ತಿಗೆ ಸಿಲಿಂಡರ್‌ನಲ್ಲಿ ಹೆಚ್ಚುಕಮ್ಮಿ ಎಲ್ಲ ಮುಗಿದಿರುತ್ತದೆ. ಕೋಡ್ ತೀರಾ ನಿಧಾನ. ಸ್ನಿಗ್ಧತೆಯನ್ನು ಕಮ್ಮಿ ಮಾಡಿದರೆ ಹೊಂದಿಕೊಳ್ಳುತ್ತದೆ, ಆದರೆ ನೀರಿಗಿಂತ ತೆಳುವಾದ ಸೋಪಿನ ನೀರು ಎಲ್ಲಿಂದ ತರೋಣ?

ಸುಬ್ಬಿ_ಲ್ಯಾಬ್:

ಸ್ನಿಗ್ಧತೆ ಮುಟ್ಟಬೇಡಿ. ಹಾಗೆ ಹೊಂದಿಸಿದರೆ ಇವತ್ತು ಸರಿ ಕಾಣುತ್ತದೆ, ನಾಳೆ ಗುಳ್ಳೆ ಗಾತ್ರ ಬದಲಾದರೆ ಮತ್ತೆ ತಪ್ಪುತ್ತದೆ. ಮೊದಲು ಹೇಳಿ, ನೊರೆ ಹೇಗೆ ಮಾಡಿದಿರಿ?

ಗುಳ್ಳೆಗಣಿತ:

ಲಿಕ್ವಿಡ್ ಬೆರೆಸಿದ ನೀರಿಗೆ ಅಡುಗೆ ಸೋಡಾ, ಮೇಲೆ ವಿನೆಗರ್. ಸಿಲಿಂಡರ್ ತುಂಬಾ ಚೆನ್ನಾಗಿ ಏರುತ್ತದೆ.

ಸುಬ್ಬಿ_ಲ್ಯಾಬ್:

ಅದೇ ಅಂದುಕೊಂಡೆ. ಹಾಗಾದರೆ ನಿಮ್ಮ ಗುಳ್ಳೆಗಳೊಳಗೆ ಇರುವುದು ಕಾರ್ಬನ್ ಡೈಆಕ್ಸೈಡ್. ಅದು ನೈಟ್ರೋಜನ್‌ಗಿಂತ ಸುಮಾರು 50 ಪಟ್ಟು ಜಾಸ್ತಿ ನೀರಿನಲ್ಲಿ ಕರಗುತ್ತದೆ. ಸಣ್ಣ ಗುಳ್ಳೆಯಲ್ಲಿ ಒತ್ತಡ ಹೆಚ್ಚು. ಅದರ ಅನಿಲ ಪೊರೆಯಲ್ಲಿ ಕರಗಿ ಪಕ್ಕದ ದೊಡ್ಡ ಗುಳ್ಳೆಗೆ ಹೋಗುತ್ತದೆ. ಸಣ್ಣದು ಮಾಯ, ದೊಡ್ಡದು ಇನ್ನೂ ದೊಡ್ಡದು. ಗಾಳಿಯ ನೊರೆಯಲ್ಲಿ ನಿಧಾನವಾಗಿ ಆಗುವ ಈ ಕೆಲಸ ನಿಮ್ಮ ಸಿಲಿಂಡರ್‌ನಲ್ಲಿ ನೀರು ಬಸಿಯುವ ಹೊತ್ತಿಗೇ ಆಗುತ್ತಿದೆ. ಗುಳ್ಳೆ ದೊಡ್ಡದಾದಷ್ಟೂ ಕಾಲುವೆ ದಪ್ಪ, ನೀರು ಬೇಗ ಇಳಿಯುತ್ತದೆ. ವಿಡಿಯೊದ ಕೊನೆಯಲ್ಲಿ ಗುಳ್ಳೆ ಅಳೆದು ನೋಡಿ, 2 ಮಿ.ಮೀ. ಇರುವುದಿಲ್ಲ. ಒಂದೇ ಗಾತ್ರ ಎಂದು ನಂಬಿದ ಮಾದರಿಯನ್ನು ಗಾತ್ರ ಬದಲಾಗುತ್ತಲೇ ಇರುವ ನೊರೆಗೆ ಹೋಲಿಸುತ್ತಿದ್ದೀರಿ.

ಮೀನಿನ ತೊಟ್ಟಿಯ ಪಂಪು, ತುದಿಗೆ ಏರ್ ಸ್ಟೋನ್ (ಗಾಳಿಯನ್ನು ಸಣ್ಣ ಗುಳ್ಳೆ ಮಾಡುವ ರಂಧ್ರದ ಕಲ್ಲು). ಗಾಳಿಯ ನೊರೆ ಮಾಡಿ. ಗುಳ್ಳೆಗಳೂ ಸಾಕಷ್ಟು ಒಂದೇ ಗಾತ್ರ ಬರುತ್ತವೆ.

ಮೀನುತೊಟ್ಟಿ_ಮಂಡ್ಯ:

ಕೊನೆಗೂ ನನ್ನ ವಿಷಯಕ್ಕೆ ಬಂದಿರಿ! ಸೆರಾಮಿಕ್ ಸ್ಟೋನ್ ತಗೊಳ್ಳಿ. ಅಗ್ಗದ ನೀಲಿ ಕಲ್ಲಿನಲ್ಲಿ ಒಂದು ಕಡೆ ಬುಸ್ ಎನ್ನುತ್ತದೆ, ಇನ್ನೊಂದು ಕಡೆ ಸದ್ದೇ ಇಲ್ಲ. ಪಂಪ್‌ಗೆ ಒಂದು ಕವಾಟ ಹಾಕಿ, ಗಾಳಿ ಸಣ್ಣಗೆ ಬಿಡಿ. ಆಮೇಲೆ ಆ ಕಲ್ಲನ್ನು ಮತ್ತೆ ಮೀನಿನ ತೊಟ್ಟಿಗೆ ಹಾಕಬೇಡಿ. ಸೋಪು ಮೀನಿನ ಕಿವಿರಿಗೆ ಆಗದು.

ಗುಳ್ಳೆಗಣಿತ:

ಪಂಪ್‌ನಿಂದ ನೊರೆ ಮಾಡಿದೆ. ಬಸಿಯುವುದು ಮೊದಲಿಗಿಂತ ನಿಧಾನವಾಯಿತು, ಗುಳ್ಳೆ ಗಾತ್ರವೂ ಅಷ್ಟು ಹೊತ್ತು ಹಾಗೇ ನಿಂತಿತು. ಆದರೂ ಕೋಡ್‌ಗಿಂತ ಬೇಗ. ಅರ್ಧ ನೀರು 50 ಸೆಕೆಂಡಿನ ಆಸುಪಾಸಿನಲ್ಲೇ ಇಳಿದಿರುತ್ತದೆ.

ಸುಬ್ಬಿ_ಲ್ಯಾಬ್:

ಸರಿ, ಈಗ ಮಾದರಿಯನ್ನೇ ಅನುಮಾನಿಸಬಹುದು. ನಿಮ್ಮ ಕಾಲದ ಮಾನದಲ್ಲಿ ನೀರಿನ ಸ್ನಿಗ್ಧತೆಯ 150 ಪಟ್ಟು ಸೇರಿದೆ. ಕಾಲುವೆಯ ಮೂರು ಮೂಲೆಯ ಆಕಾರಕ್ಕೆ ಸುಮಾರು 50, ಕಾಲುವೆಗಳು ಎಲ್ಲ ದಿಕ್ಕಿಗೂ ಹರಡಿರುವುದಕ್ಕೆ 3. ಆ 50 ಬರುವುದು ಕಾಲುವೆಯ ಗೋಡೆ ಗಟ್ಟಿ, ಅಲುಗುವುದಿಲ್ಲ ಎಂದು ಹಿಡಿದಾಗ. ಮೊಟ್ಟೆಯ ಬಿಳಿಯಂಥ ಪ್ರೋಟೀನ್ ನೊರೆಗೆ ಅದು ಪರವಾಗಿಲ್ಲ. ಪಾತ್ರೆ ಲಿಕ್ವಿಡ್‌ನಲ್ಲಿ ಗೋಡೆಯೇ ನೀರಿನ ಜೊತೆ ಜಾರುತ್ತದೆ. ಆಗ ಕಾಲುವೆಯೊಳಗೆ ಅಡ್ಡಿ ಕಮ್ಮಿ. ನಾಲ್ಕು ಕಾಲುವೆ ಕೂಡುವ ಗಂಟುಗಳಲ್ಲಿ ಮಾತ್ರ ಅಡ್ಡಿ ಉಳಿಯುತ್ತದೆ. 1999ರಲ್ಲಿ ಕೋಹ್ಲರ್, ಹಿಲ್ಗೆನ್‌ಫೆಲ್ಟ್, ಸ್ಟೋನ್ ಈ ಗಂಟಿನ ಮಾದರಿ ಬರೆದರು. ಅದೇ ವರ್ಷ ಡ್ಯುರಾಂಡ್, ಲಾಂಜ್‌ವ್ಯಾಂ ತಂಡ ಎಸ್‌ಡಿಎಸ್ ಎಂಬ ಸೋಪಿಗೆ ಡೋಡೆಕನಾಲ್ ಎಂಬ ಆಲ್ಕೋಹಾಲ್ ಸ್ವಲ್ಪ ಸೇರಿಸಿ ಗೋಡೆ ಗಟ್ಟಿ ಮಾಡಿ, ಒಂದೇ ಸೋಪಿನಲ್ಲಿ ಎರಡೂ ನಡವಳಿಕೆ ತೋರಿಸಿತು.

ನಿಮ್ಮದು ಯಾವುದು ಎಂದು ಮನೆಯಲ್ಲೇ ಗೊತ್ತುಮಾಡಬಹುದು. ನೊರೆಯನ್ನು ಚೆನ್ನಾಗಿ ಬಸಿಯಲು ಬಿಡಿ. ಆಮೇಲೆ ಅದೇ ಸೋಪಿನ ನೀರನ್ನು ಮೇಲಿನಿಂದ ಒಂದೇ ಸಮ ಹನಿಸಿ. ಒದ್ದೆ ಅಂಚೊಂದು ಕೆಳಗೆ ಇಳಿಯುತ್ತದೆ. ಹಿಂದಿನಿಂದ ದೀಪ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ನೀರಿಗೆ ಬೆಳಗುವ ಬಣ್ಣ ಒಂದು ತೊಟ್ಟು ಹಾಕಿದರೆ ಇನ್ನೂ ಚೆನ್ನ. ಅಂಚಿನ ವೇಗ ಅಳೆಯಿರಿ. ನಂತರ ಹನಿಸುವ ಪ್ರಮಾಣವನ್ನು 8 ಪಟ್ಟು ಮಾಡಿ. ಗಟ್ಟಿ ಗೋಡೆಯಾದರೆ ವೇಗ ವರ್ಗಮೂಲದಂತೆ ಏರುತ್ತದೆ, 2.8 ಪಟ್ಟು. ಗಂಟಿನ ಮಾದರಿಯಾದರೆ ಘನಮೂಲ, 2 ಪಟ್ಟು. ಎರಡೇ ಪಟ್ಟು ಹೆಚ್ಚಿಸಿ ನೋಡಬೇಡಿ. 1.41, 1.26 ಎರಡರ ವ್ಯತ್ಯಾಸ ನಿಮ್ಮ ಸ್ಕೇಲ್‌ಗೆ ಸಿಗುವುದಿಲ್ಲ.

ಗುಳ್ಳೆಗಣಿತ:

ಆಸ್ಪತ್ರೆ ಡ್ರಿಪ್ ಸೆಟ್ ಮೆಡಿಕಲ್ ಶಾಪ್‌ನಲ್ಲಿ ಸಿಕ್ಕಿತು, ಹನಿಸಲು ಹೇಳಿಮಾಡಿಸಿದಂತಿದೆ. ವೇಗ 2 ಪಟ್ಟಿಗಿಂತ ಸ್ವಲ್ಪ ಜಾಸ್ತಿ, 2.8ರ ಹತ್ತಿರವೂ ಇಲ್ಲ. ಗಂಟಿನ ಮಾದರಿ ಅಂತಾಯಿತು. ಹಾಗಾದರೆ ಕೋಡ್ ಪೂರ್ತಿ ಮತ್ತೆ ಬರೆಯಬೇಕಾ?

ಹಳೇಫೋರ್ಟ್ರಾನ್:

ಒಂದು ಸಾಲು ಬದಲಿಸಿದರೆ ಸಾಕು. ಗುರುತ್ವದ ಪದದಲ್ಲಿ ಆಲ್ಫಾ² ಇದ್ದಲ್ಲಿ ಆಲ್ಫಾದ 3/2ನೇ ಘಾತ ಬರುತ್ತದೆ. ಹೀರುವಿಕೆಯ ಪದದಿಂದ √ಆಲ್ಫಾ ಹೊರಟುಹೋಗುತ್ತದೆ, ಬರೀ ಒಂದು ಸ್ಥಿರಾಂಕ ಉಳಿಯುತ್ತದೆ. ಎದುರಿಗೆ ಒಂದು ಹೊಸ ಗುಣಕ ಬೇಕಾಗುತ್ತದೆ, ಅದನ್ನು ಡ್ರಿಪ್ ಪ್ರಯೋಗದಿಂದ ತೆಗೆಯಿರಿ. ಬಸಿಯುವ ವಿಡಿಯೊದಿಂದ ತೆಗೆಯಬೇಡಿ. ಅದು ಪರೀಕ್ಷೆಗೆ ಇರಲಿ. ಎರಡಕ್ಕೂ ಒಂದೇ ವಿಡಿಯೊ ಬಳಸಿದರೆ ಉತ್ತರಪತ್ರಿಕೆ ಇಟ್ಟುಕೊಂಡು ಪರೀಕ್ಷೆ ಬರೆದ ಹಾಗಾಗುತ್ತದೆ.

ಸಮತೋಲದ 1 ಮಿ.ಮೀ. ಪರೀಕ್ಷೆ ಇಲ್ಲೂ ಹಾಗೇ ನಡೆಯಬೇಕು. ಹರಿವು ನಿಂತ ಮೇಲೆ ಅಡ್ಡಿ ಕಾಲುವೆಯಲ್ಲಿದೆಯೋ ಗಂಟಿನಲ್ಲಿದೆಯೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಹೊಸ ಕೋಡ್‌ನಲ್ಲಿ ಅದು ಬೇರೆ ಬಂದರೆ ಎರಡು ಪದಗಳಲ್ಲಿ ಒಂದಕ್ಕೆ ಮಾತ್ರ ಗುಣಕ ಹಾಕಿದ್ದೀರಿ ಎಂದರ್ಥ.

ಗುಳ್ಳೆಗಣಿತ:

ಹೊಂದಿಕೊಂಡಿತು! ಗಾಳಿಯ ನೊರೆಯ ಗೆರೆ, ಕೋಡ್‌ನ ಗೆರೆ ಒಂದರ ಮೇಲೊಂದು ಕೂರುತ್ತಿವೆ. ಕೊನೆಯಲ್ಲಿ ಮಾತ್ರ ಸ್ವಲ್ಪ ದೂರ.

ಈಗ ಧೈರ್ಯ ಬಂತು. ಸೋಡಾ-ವಿನೆಗರ್ ನೊರೆಗೂ ಮಾಡೋಣ ಎಂದು ಗುಳ್ಳೆ ಬೆಳೆಯುವುದನ್ನು ಸೇರಿಸಿದೆ. ತ್ರಿಜ್ಯದ ವರ್ಗ ಕಾಲದ ಜೊತೆ ನೇರವಾಗಿ ಏರುತ್ತದೆ ಎಂದು ಇಟ್ಟೆ. ಪ್ರತಿ ಸ್ಟೆಪ್‌ನಲ್ಲಿ ಹೊಸ ತ್ರಿಜ್ಯದಿಂದ ಗುಣಕಗಳನ್ನು ತಿದ್ದುತ್ತೇನೆ. ಈಗ ಮತ್ತೆ ನೀರಿನ ಲೆಕ್ಕ ತಪ್ಪಿದೆ, ಈ ಸಲ ಕಮ್ಮಿ ಆಗುತ್ತಿದೆ. ಜೊತೆಗೆ ಇನ್ನೊಂದು ಪ್ರಶ್ನೆ: ವಾನ್ ನಾಯ್ಮನ್‌ನ 'ಬದಿಗಳ ಸಂಖ್ಯೆ − 6' ನಿಯಮವನ್ನೇ ನೇರವಾಗಿ ಹಾಕಬಹುದಾ?

ಹಳೇಫೋರ್ಟ್ರಾನ್:

ಎರಡನೆಯದಕ್ಕೆ ಮೊದಲು ಉತ್ತರ: ಬೇಡ. 1952ರ ಆ ನಿಯಮ ಎರಡು ಗಾಜಿನ ಹಲಗೆಗಳ ನಡುವೆ ಇರುವಂಥ ಚಪ್ಪಟೆ ನೊರೆಗೆ. ಅಲ್ಲಿ ಆರು ಬದಿಯ ಗುಳ್ಳೆ ಬೆಳೆಯುವುದೂ ಇಲ್ಲ, ಕುಗ್ಗುವುದೂ ಇಲ್ಲ. ಐದು ಬದಿಯದು ಕುಗ್ಗುತ್ತದೆ, ಏಳು ಬದಿಯದು ಬೆಳೆಯುತ್ತದೆ. ಗಾತ್ರ ಎಷ್ಟೇ ಇರಲಿ, ದರ ಬದಿಗಳ ಮೇಲೆ ಮಾತ್ರ. ಮೂರು ಆಯಾಮಕ್ಕೆ ಅದರ ಸರಿಯಾದ ರೂಪ ಬರಲು 2007ರವರೆಗೆ ಕಾಯಬೇಕಾಯಿತು. ಮ್ಯಾಕ್‌ಫರ್ಸನ್, ಸ್ರೊಲೊವಿಟ್ಜ್ ಕೊಟ್ಟದ್ದು. ಅದರಲ್ಲಿ ಪ್ರತಿ ಗುಳ್ಳೆಯ ಅಂಚುಗಳ ಒಟ್ಟು ಉದ್ದ, ಗುಳ್ಳೆಯ ಸರಾಸರಿ ಅಗಲದಂಥ ಒಂದು ಅಳತೆ ಬೇಕು. ನಿಮ್ಮ ಮಾದರಿಯಲ್ಲಿ ಒಂದೊಂದೇ ಗುಳ್ಳೆ ಇಲ್ಲವೇ ಇಲ್ಲ. ಸರಾಸರಿ ತ್ರಿಜ್ಯ ಸಾಕು. ಒಂದು ಮಾತು ಮಾತ್ರ ನೆನಪಿರಲಿ: ತ್ರಿಜ್ಯದ ವರ್ಗ ಕಾಲಕ್ಕೆ ನೇರ ಎನ್ನುವುದು ಒಣ ನೊರೆಗೆ. ತಳದ ಒದ್ದೆ ಭಾಗದಲ್ಲಿ ಗುಳ್ಳೆಗಳ ನಡುವಿನ ಪೊರೆ ಕಿರಿದಾಗುತ್ತದೆ, ಬೆಳವಣಿಗೆ ನಿಧಾನ. 0.36 ದಾಟಿದರೆ ಗುಳ್ಳೆಗಳು ಬಿಡಿಬಿಡಿಯಾಗಿ ತೇಲುತ್ತವೆ, ಆಗ ತ್ರಿಜ್ಯದ ಘನವೇ ಕಾಲಕ್ಕೆ ನೇರ.

ಇನ್ನು ನೀರು ಕಳೆದುಹೋಗುವುದು. ಕೋಡ್ ನೋಡದೆಯೇ ಹೇಳಬಹುದು, ನಿಮ್ಮ ಅರೇಯಲ್ಲಿ ಈಗಲೂ ಆಲ್ಫಾ ಇದೆ. ಆಲ್ಫಾ ಎಂದರೆ ಒಂದು ಕಾಲುವೆಯ ಅಡ್ಡಕೊಯ್ತ. ನೀರು ಎಷ್ಟಿದೆ ಎಂದು ಅದು ಒಂದೇ ಹೇಳುವುದಿಲ್ಲ, ಎಷ್ಟು ಉದ್ದದ ಕಾಲುವೆ ಇದೆ ಎಂದೂ ಬೇಕು. ಗುಳ್ಳೆಯ ತ್ರಿಜ್ಯ ಎರಡು ಪಟ್ಟಾದರೆ ಒಂದು ಘನ ಸೆಂಟಿಮೀಟರಿನಲ್ಲಿರುವ ಕಾಲುವೆಗಳ ಒಟ್ಟು ಉದ್ದ ಕಾಲು ಭಾಗಕ್ಕೆ ಇಳಿಯುತ್ತದೆ. ನೀವು ಆಲ್ಫಾ ಹಾಗೇ ಇಟ್ಟು ತ್ರಿಜ್ಯ ಮಾತ್ರ ಹಿಗ್ಗಿಸಿದರೆ ಮುಕ್ಕಾಲು ನೀರು ಲೆಕ್ಕದಿಂದ ಮಾಯವಾಯಿತು. ನಿಜವಾದ ನೊರೆಯಲ್ಲಿ ಆ ನೀರು ಉಳಿದ ಕಾಲುವೆಗಳಿಗೆ ನುಗ್ಗಿ ಅವುಗಳ ಅಡ್ಡಕೊಯ್ತವನ್ನು ನಾಲ್ಕು ಪಟ್ಟು ಮಾಡುತ್ತದೆ. ದೊಡ್ಡ ಗುಳ್ಳೆಯ ನೊರೆ ಬೇಗ ಬಸಿಯುವ ಗುಟ್ಟು ಇದೇ.

ಅರೇಯಲ್ಲಿ ದ್ರವಾಂಶವನ್ನೇ ಇಡಿ. ಆಲ್ಫಾವನ್ನು ಹರಿವು ಲೆಕ್ಕ ಹಾಕುವಾಗ ಮಾತ್ರ, ಆ ಕ್ಷಣದ ತ್ರಿಜ್ಯದಿಂದ ತೆಗೆಯಿರಿ. 2.53 ಎಂಬ ಸಂಖ್ಯೆ ನಿಮ್ಮ 2 ಮಿ.ಮೀ. ಗುಳ್ಳೆಗೆ ಮಾತ್ರ, ತ್ರಿಜ್ಯದ ವರ್ಗಕ್ಕೆ ವಿಲೋಮವಾಗಿ ಅದು ಬದಲಾಗುತ್ತದೆ. ತಳದ 0.36 ಗುಳ್ಳೆ ಗಾತ್ರಕ್ಕೆ ಬದಲಾಗುವುದಿಲ್ಲ.

ಕೆರೆಏರಿ:

ಸುಮ್ನೆ ಓದುತ್ತಿದ್ದೆ, ಒಂದು ಪ್ರಶ್ನೆ. ನಾನು ವರ್ತೂರು ಕಡೆಯವನು. ಈ ಕೋಡ್ ಇಟ್ಟುಕೊಂಡು ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಹೇಳಬಹುದಾ? ಮಳೆ ಬಂದ ಮೇಲೆ ರಸ್ತೆಗೇ ಹಾರಿ ಬರುತ್ತದೆ, ಗಂಟೆಗಟ್ಟಲೆ ಕರಗುವುದಿಲ್ಲ.

ಸುಬ್ಬಿ_ಲ್ಯಾಬ್:

ಇದರಿಂದ ಆಗುವುದಿಲ್ಲ. ಈ ಕೋಡ್‌ಗೆ ನೀರು ಬಸಿಯುವುದು ಗೊತ್ತು, ಗುಳ್ಳೆ ಬೆಳೆಯುವುದು ಈಗ ಗೊತ್ತಾಗುತ್ತಿದೆ. ಪೊರೆ ಒಡೆಯುವುದು ಗೊತ್ತೇ ಇಲ್ಲ. ಕೆರೆಯ ನೊರೆಯಲ್ಲಿ ಇಡೀ ಕಥೆ ಅದರಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ (ಐಐಎಸ್‌ಸಿ) ತಂಡ ಬೆಳ್ಳಂದೂರಿನ ಮೇಲೆ ಅಧ್ಯಯನ ಮಾಡಿದೆ. ಕೊಳಚೆಯ ಜೊತೆ ಬರುವ ಸೋಪಿನ ಅಂಶ ಕೆರೆಯ ತಳದ ಕೆಸರಿಗೆ ಅಂಟಿಕೊಳ್ಳುತ್ತದೆ. ಜೋರು ಮಳೆಗೆ ಕೆಸರು ಕದಡಿ, ಅದು ಮತ್ತೆ ನೀರಿಗೆ ಬಿಡುಗಡೆಯಾಗುತ್ತದೆ. ಬ್ಯಾಕ್ಟೀರಿಯಾ ಇರುವ ಸಣ್ಣ ಕಣಗಳು ನೊರೆಯನ್ನು ಗಟ್ಟಿಯಾಗಿ ನಿಲ್ಲಿಸುತ್ತವೆ. ನೀವು ಹೇಳಿದ ಮಳೆಯ ಲೆಕ್ಕಕ್ಕೂ ಇದಕ್ಕೂ ತಾಳೆಯಾಗುತ್ತದೆ, ಅಲ್ವಾ? ಶುದ್ಧ ಸೋಪಿನ ನೀರಿನ ಮಾದರಿಯಲ್ಲಿ ಕಣಗಳೇ ಇಲ್ಲ.

ಗುಳ್ಳೆಗಣಿತ:

ದ್ರವಾಂಶಕ್ಕೆ ಬದಲಿಸಿದೆ, ನೀರಿನ ಲೆಕ್ಕ ಮತ್ತೆ ಸರಿಹೋಯಿತು. ವಿನೆಗರ್ ನೊರೆಯ ಮೊದಲರ್ಧ ಈಗ ಹೊಂದುತ್ತದೆ. ಆಮೇಲೆ ಸಿಲಿಂಡರ್‌ನಲ್ಲಿ ಮೇಲಿನಿಂದ ನೊರೆ ಕುಸಿಯುತ್ತದೆ, ಅದು ನನ್ನ ಕೋಡ್‌ನಲ್ಲಿ ಇಲ್ಲ. ಪೊರೆ ಒಡೆಯುವುದನ್ನೂ ಅದೇ ಲೂಪ್‌ಗೆ ಸೇರಿಸಲಾ?

ಹಳೇಫೋರ್ಟ್ರಾನ್:

ಅದೇ ಲೂಪ್‌ಗೆ ಬೇಡ. ಗಡಿಯಾರಗಳನ್ನು ನೋಡಿ. ಒಂದು ಮೈಕ್ರೊಮೀಟರ್ ದಪ್ಪದ ಪೊರೆಯಲ್ಲಿ ತೂತು ಬಿದ್ದರೆ ಅದರ ಅಂಚು ಸೆಕೆಂಡಿಗೆ ಸುಮಾರು 8 ಮೀಟರ್ ವೇಗದಲ್ಲಿ ಓಡುತ್ತದೆ. 2 ಮಿ.ಮೀ. ಪೊರೆ ಕಾಲು ಮಿಲಿಸೆಕೆಂಡಿನಲ್ಲಿ ಖಾಲಿ. ಪೊರೆ ತೆಳುವಾದಷ್ಟೂ ಇನ್ನೂ ಜೋರು. ನೀರು ಬಸಿಯಲು ಒಂದೆರಡು ನಿಮಿಷ. ಗಾಳಿಯ ಗುಳ್ಳೆ ಬೆಳೆಯಲು ಅದಕ್ಕಿಂತ ಎಷ್ಟೋ ಹೊತ್ತು. ಇವೆಲ್ಲಕ್ಕೂ ಒಂದೇ ಟೈಮ್ ಸ್ಟೆಪ್ ಕೊಟ್ಟರೆ ಒಡೆಯುವುದಕ್ಕೆ ಬೇಕಾದ ಮೈಕ್ರೊಸೆಕೆಂಡ್‌ನಲ್ಲೇ ಇಡೀ ರಾತ್ರಿ ಕಳೆಯುತ್ತೀರಿ.

ಬರ್ಕ್ಲಿಯ ಗಣಿತಜ್ಞರಾದ ಸೇ, ಸೆಥಿಯನ್ ಇಬ್ಬರೂ 2013ರಲ್ಲಿ ಇದನ್ನು ಬಿಡಿಸಿದ ರೀತಿ ನನಗೆ ಈಗಲೂ ಸೊಗಸಾಗಿ ಕಾಣುತ್ತದೆ. ಕೆಲಸವನ್ನು ಮೂರು ಪಾಳಿ ಮಾಡಿದರು. ಮೊದಲು ಗುಳ್ಳೆಗಳು ಸರಿದು ಸಮತೋಲಕ್ಕೆ ಬರಲಿ. ಆಮೇಲೆ ಗುಳ್ಳೆಗಳನ್ನು ಹಾಗೇ ನಿಲ್ಲಿಸಿ, ಪೊರೆಯೊಳಗಿನ ದ್ರವ ಕಾಲುವೆಗಳಿಗೆ ಇಳಿಯಲಿ. ಯಾವುದಾದರೂ ಪೊರೆ ಮಿತಿಗಿಂತ ತೆಳುವಾದರೆ ಅದನ್ನು ಒಡೆದು, ಮತ್ತೆ ಮೊದಲ ಪಾಳಿಗೆ. ಒಂದು ಪಾಳಿ ನಡೆಯುವಾಗ ಉಳಿದ ಎರಡು ನಿದ್ದೆ ಮಾಡುತ್ತವೆ. ಅವರು ಒಂದೊಂದು ಗುಳ್ಳೆಯನ್ನೂ ಬಿಡಿಸಿದ್ದರು. ನಿಮಗೆ ಅಷ್ಟು ಬೇಡ.

ನಿಮ್ಮ ಕಾಲಂಗೆ ಹೀಗೆ ಮಾಡಿ. ಬಿಡಿಎಫ್ ಸಾಲ್ವರ್‌ನಲ್ಲಿ 'ಈವೆಂಟ್' ಎಂಬ ಸೌಲಭ್ಯ ಇದೆ. ಅತಿ ಮೇಲಿನ ಖಾನೆಯ ದ್ರವಾಂಶ ಒಂದು ಮಿತಿಗಿಂತ ಇಳಿದಾಗ ಸಾಲ್ವರ್ ನಿಲ್ಲಲಿ. ಆ ಖಾನೆ ತೆಗೆದುಹಾಕಿ, ಅದರಲ್ಲಿದ್ದ ನೀರನ್ನು ಕೆಳಗಿನ ಖಾನೆಗೆ ಸೇರಿಸಿ, ಮತ್ತೆ ಓಡಿಸಿ. ನೀರು ಸೇರಿಸುವುದನ್ನು ಮಾತ್ರ ಮರೆಯಬೇಡಿ. ಮಿತಿ ಎಷ್ಟು ಎಂಬುದಕ್ಕೆ ಸಿದ್ಧ ಸಂಖ್ಯೆ ಇಲ್ಲ. ಅದು ಸೋಪಿನ ಮೇಲೆ, ಧೂಳಿನ ಮೇಲೆ, ಮೇಲ್ತುದಿಯಿಂದ ನೀರು ಆವಿಯಾಗುವುದರ ಮೇಲೆ ನಿಂತಿದೆ. ಸಿಲಿಂಡರ್ ಬಾಯಿಗೆ ಕ್ಲಿಂಗ್ ಫಿಲ್ಮ್ ಮುಚ್ಚಿ ಒಂದು ವಿಡಿಯೊ, ಮುಚ್ಚದೆ ಒಂದು ವಿಡಿಯೊ ತೆಗೆಯಿರಿ. ಕುಸಿತ ಶುರುವಾಗುವ ಹೊತ್ತು ತುಂಬಾ ಬೇರೆ ಬಂದರೆ ಮೊದಲು ಆವಿಯಾಗುವುದನ್ನು ಸೇರಿಸಬೇಕು, ಮಿತಿಯ ಮಾತು ಆಮೇಲೆ.

ಗುಳ್ಳೆಗಣಿತ:

ಮುಚ್ಚಿದ ಸಿಲಿಂಡರ್‌ನಲ್ಲಿ ನೊರೆ ಕುಸಿಯಲು ಶುರುವಾಗುವುದೇ ತುಂಬಾ ತಡ. ಹಾಗಾದರೆ ಆವಿಯಾಗುವುದೇ ಮೊದಲು. ಮೇಲಿನ ಗೋಡೆಯ ಹರಿವನ್ನು ಸೊನ್ನೆ ಬದಲು ಒಂದು ಸಣ್ಣ ಋಣ ಸಂಖ್ಯೆ ಮಾಡಿ, ಅಷ್ಟು ನೀರನ್ನು ಹೊರಗೆ ಹೋದ ಲೆಕ್ಕಕ್ಕೆ ಹಾಕಿದ್ದೇನೆ. ಆ ಸಂಖ್ಯೆಗೆ ಸಿಲಿಂಡರ್‌ನಲ್ಲಿ ಬರೀ ಸೋಪಿನ ನೀರು ಹಾಕಿ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟಿದ್ದೇನೆ. ಕೋಡ್ ಬೇಕಾದವರು ಕೇಳಿ, ಕಳಿಸುತ್ತೇನೆ.

ಹಳೇಫೋರ್ಟ್ರಾನ್:

ನೀರಿನ ಮಟ್ಟವೂ ನೊರೆಯ ಮೇಲ್ತುದಿಯಷ್ಟೇ ಎತ್ತರದಲ್ಲಿರಲಿ. ಸಿಲಿಂಡರ್ ಬಾಯಿಯಿಂದ ಕೆಳಗಿದ್ದಷ್ಟೂ ಆವಿ ನಿಧಾನ.